ಎರಡು ನಿಮಿಷದ ವಿಮಾನಯಾನ

ವಿಮಾನ ಪ್ರಯಾಣವೆಂದರೆ ಸಾವಿರಾರು ಕಿಲೋಮೀಟರು ದೂರ, ಗಂಟೆಗಟ್ಟಲೆ ಹಾರಾಟ ಎಂದೇ ನಮ್ಮ ಕಲ್ಪನೆ. ಆದರೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ಒಂದು ವಿಮಾನ ಮೇಲೇರಿದ ಎರಡೇ ನಿಮಿಷಕ್ಕೆ ಕೆಳಗಿಳಿಯುತ್ತದೆ. ವೆಸ್ಟ್ರೆ ಮತ್ತು ಪಾಪಾ ವೆಸ್ಟ್ರೆ ಎಂಬ ದ್ವೀಪಗಳ ನಡುವಿನ ಈ ಯಾನ, ವೇಳಾಪಟ್ಟಿಯಂತೆ ನಡೆಯುವ ವಿಮಾನಯಾನಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದು. ದೂರ ಸುಮಾರು 2.7 ಕಿ.ಮೀ. ಎಡಿನ್‌ಬರೋ ವಿಮಾನ ನಿಲ್ದಾಣದ ರನ್‌ವೇಯ ಉದ್ದವೇ ಹೆಚ್ಚುಕಡಿಮೆ ಇಷ್ಟಿದೆ!

1967ರಲ್ಲಿ ಲೋಗನೇರ್ ಸಂಸ್ಥೆ ಈ ಹಾರಾಟವನ್ನು ಆರಂಭಿಸಿತು. ವಿಮಾನದ ಹೆಸರು ಐಲೆಂಡರ್. ಎರಡು ಎಂಜಿನ್, ಎಂಟು ಪ್ರಯಾಣಿಕರು. ತೀರಾ ಚಿಕ್ಕ ರನ್‌ವೇಯಿಂದಲೂ ಇದು ಮೇಲೇರಬಲ್ಲದು.

ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. 2.7 ಕಿ.ಮೀ.ಗೆ ಎರಡು ನಿಮಿಷವೆಂದರೆ ಸರಾಸರಿ ವೇಗ ಗಂಟೆಗೆ 81 ಕಿ.ಮೀ. ಹೆದ್ದಾರಿಯ ಬಸ್ಸಿನ ವೇಗ! ಗಂಟೆಗೆ 200 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹಾರಬಲ್ಲ ವಿಮಾನಕ್ಕೆ ಏಕೆ ಹೀಗೆ? ಪೂರ್ಣ ವೇಗ ಪಡೆಯುವ ಮೊದಲೇ ಅದು ಇಳಿಯಲು ಸಿದ್ಧವಾಗಬೇಕು. ಜೊತೆಗೆ, ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಗಾಳಿಯ ದಿಕ್ಕು ಹೊಂದದಿದ್ದರೆ ಪೈಲಟ್ ಸುತ್ತು ಹಾಕಬೇಕು. ಎಲ್ಲವೂ ಕೂಡಿಬಂದ ಒಂದು ದಿನ ಸ್ಟುವರ್ಟ್ ಲಿಂಕ್‌ಲೇಟರ್ ಎಂಬ ಪೈಲಟ್ ಕೇವಲ 53 ಸೆಕೆಂಡುಗಳಲ್ಲಿ ಈ ದೂರ ಕ್ರಮಿಸಿ ದಾಖಲೆ ಮಾಡಿದರು. ಆಗಿನ ಸರಾಸರಿ ವೇಗವನ್ನು ನೀವೇ ಲೆಕ್ಕ ಹಾಕಿ. ಗಂಟೆಗೆ ಸುಮಾರು 183 ಕಿ.ಮೀ. ಬರಬೇಕು.

ದೋಣಿಯಲ್ಲಿ ಇಪ್ಪತ್ತೈದು ನಿಮಿಷಕ್ಕೆ ದಾಟಬಹುದಾದ ನೀರಿಗೆ ವಿಮಾನವೇಕೆ ಎಂದು ತಂದೆತಾಯಂದಿರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರ ಈ 2.7 ಕಿ.ಮೀ.ಯಲ್ಲಿಲ್ಲ, ಕರ್ಕ್‌ವಾಲ್‌ನಲ್ಲಿದೆ. ಅದು ಆರ್ಕ್ನಿಯ ಮುಖ್ಯ ಪಟ್ಟಣ. ಆಸ್ಪತ್ರೆ, ದೊಡ್ಡ ಶಾಲೆ, ಅಂಗಡಿ ಎಲ್ಲವೂ ಅಲ್ಲಿವೆ. ಅಲ್ಲಿಂದ ವೆಸ್ಟ್ರೆಗೆ ಹಡಗಿನಲ್ಲಿ ಸುಮಾರು ಒಂದೂವರೆ ಗಂಟೆ. ವಿಮಾನದಲ್ಲಿ ಕಾಲು ಗಂಟೆ. ಅದೇ ವಿಮಾನ ಪಕ್ಕದ ದ್ವೀಪವನ್ನೂ ಮುಟ್ಟಿ ಬರುತ್ತದೆ. ಹಳ್ಳಿ ಬಸ್ಸು ಒಂದು ಊರಿನಲ್ಲಿ ನಿಂತು ಮುಂದಿನ ಊರಿಗೂ ಹೋಗುವಂತೆ, ಅಷ್ಟೇ.

ಪಾಪಾ ವೆಸ್ಟ್ರೆಯ ವಿಸ್ತೀರ್ಣ ಸುಮಾರು ಒಂಬತ್ತು ಚದರ ಕಿ.ಮೀ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 90 ಮಂದಿ. ಐದು ಸಾವಿರ ವರ್ಷಗಳಿಗೂ ಹಳೆಯದಾದ ನ್ಯಾಪ್ ಆಫ್ ಹೊವರ್ ಎಂಬ ಕಲ್ಲಿನ ಮನೆ ಇಂದಿಗೂ ಅಲ್ಲಿ ನಿಂತಿದೆ. ಮನುಷ್ಯ ಅಷ್ಟು ಕಾಲದಿಂದ ನೆಲೆಸಿದ ನೆಲವದು. ಆದರೆ ಶಾಲೆಗೆ ಮೇಷ್ಟ್ರು, ಕಾಯಿಲೆಗೆ ವೈದ್ಯರು ಬಾರದಿದ್ದರೆ ಎಳೆಯ ಮಕ್ಕಳಿರುವ ಕುಟುಂಬ ಎಷ್ಟು ದಿನ ಉಳಿದೀತು? ಸಂಗೀತದಂಥ ವಿಷಯ ಕಲಿಸುವ ಶಿಕ್ಷಕರು ಇದೇ ವಿಮಾನ ಹಿಡಿದು ದ್ವೀಪಕ್ಕೆ ಬರುವುದುಂಟು.

ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಬರುತ್ತದೆ. ಒಂದು ಊರು ನಿಜಕ್ಕೂ ಎಷ್ಟು ದೂರವಿದೆ ಎಂಬುದು ಆ ಭಾಗಾಕಾರದಲ್ಲಿ ಸಿಗುವುದಿಲ್ಲ. ಅಲ್ಲಿಗೆ ಮೇಷ್ಟ್ರು ಬರುತ್ತಾರೆಯೇ, ವೈದ್ಯರು ಬರುತ್ತಾರೆಯೇ ಎಂದು ಕೇಳಿ ನೋಡಬೇಕು.