ಆಂಟೆನಾ ದೊಡ್ಡದು ಮಾಡಬೇಕಾ?

ಹ್ಯಾಮ್ ರೇಡಿಯೊ ಲೈಸೆನ್ಸ್ ಸಿಕ್ಕವರಿಗೆಲ್ಲ ಒಂದಲ್ಲ ಒಂದು ದಿನ ಈ ಆಸೆ ಹುಟ್ಟುತ್ತದೆ: ಇನ್ನೂ ದೊಡ್ಡ ಆಂಟೆನಾ ಬೇಕು. ನನಗೂ ಹುಟ್ಟಿತು. ಮತ್ತಿಘಟ್ಟದ ನಮ್ಮನೆಯಲ್ಲಿ ಈಗಿರೋದು ಅಡಿಕೆ ಮರಗಳ ನಡುವೆ ಕಟ್ಟಿದ 20 ಮೀಟರ್ ಉದ್ದದ ತಂತಿ, ಅಷ್ಟೇ. ನೆಲದಿಂದ ಏಳೆಂಟು ಮೀಟರ್ ಎತ್ತರ. ಕೊನೆಗೌಡ ಮರ ಹತ್ತಿ ಕಟ್ಟಿಕೊಟ್ಟದ್ದು. ಗಾಳಿಗೆ ಮರ ತೂಗುತ್ತದಲ್ಲ, ಹಾಗಾಗಿ ಹಗ್ಗ ಸ್ವಲ್ಪ ಸಡಿಲ. ಹ್ಯಾಮ್‌ಗಳು 40 ಮೀಟರ್ ಬ್ಯಾಂಡ್ ಅನ್ನುವ 7 ಮೆಗಾಹರ್ಟ್ಸ್‌ನಲ್ಲಿ ಇದರಿಂದಲೇ ಮಾತಾಡ್ತೇನೆ.

ಕಬ್ಬಿಣದ ಟವರ್, ಅದರ ಮೇಲೊಂದು ಬೀಮ್ ಆಂಟೆನಾ, ತಿರುಗಿಸಲು ಮೋಟಾರ್, ದಪ್ಪ ಕೇಬಲ್. ಲೆಕ್ಕ ಹಾಕಿದರೆ ಲಕ್ಷ ದಾಟಿತು. ಅಪ್ಪಯ್ಯ ಕೇಳಿದ್ದು ಒಂದೇ ಮಾತು: "ತಮಾ, ಈಗಿದ್ದ ತಂತಿಗೆ ಎಂತ ಆಜು?"

ಸರಿಯಾದ ಪ್ರಶ್ನೆ. ನಾನು ಮಾತಾಡಬೇಕಾದದ್ದು ಯಾರ ಜೊತೆ? ಜಪಾನ್, ಯುರೋಪ್ ಅಂತಾದರೆ ಎತ್ತರದ ಆಂಟೆನಾ ನಿಜಕ್ಕೂ ಉಪಯೋಗ. ಆದರೆ ಘಟ್ಟದ ಅಂಚಿನ ಊರಿಗೆ ರೇಡಿಯೊ ಬೇಕಾಗೋದು ಆಷಾಢದ ಮಳೆಯಲ್ಲಿ, ಕರೆಂಟ್ ಹೋಗಿ, ಅದರ ಹಿಂದೆಯೇ ಮೊಬೈಲ್ ನೆಟ್‌ವರ್ಕೂ ಹೋದಾಗ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದದ್ದು ನಮ್ಮ ಕಡೆ ಯಾರೂ ಮರೆತಿಲ್ಲ. 2004ರ ಸುನಾಮಿಯಲ್ಲಿ ಪೋರ್ಟ್‌ಬ್ಲೇರ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನ ಸುದ್ದಿ ಹೊರಗೆ ಮುಟ್ಟಿಸಿದ್ದು ಇದೇ ಹವ್ಯಾಸದಿಂದ.

ನನಗೆ ಬೇಕಾದ್ದು ಕಾರವಾರ, ಹುಬ್ಬಳ್ಳಿ, ಬೆಂಗಳೂರು. ಅದಕ್ಕೆ ತಗ್ಗಿನ ತಂತಿಯೇ ಚೆನ್ನಾಗಿ ಹೊಂದುತ್ತದೆ. ಅದರ ಅಲೆ ತೋಟದ ಸ್ಪ್ರಿಂಕ್ಲರ್ ನೀರಿನ ಹಾಗೆ ಮೇಲಕ್ಕೆ ಹಾರಿ, ಅಯಾನುಗೋಳಕ್ಕೆ ತಾಗಿ, ಸುತ್ತಲಿನ ಕೆಲವು ನೂರು ಕಿಲೋಮೀಟರ್‌ನೊಳಗೆ ಬೀಳುತ್ತದೆ. ಹಗಲು ಹೊತ್ತಿನಲ್ಲಂತೂ ಗುಡ್ಡ ಅಡ್ಡ ಬರೋದೇ ಇಲ್ಲ. ಅದೇ ತಂತಿಯನ್ನು 20 ಮೀಟರ್‌ಗೆ ಏರಿಸಿದರೆ ಅಲೆ ಓರೆಯಾಗಿ ದೂರಕ್ಕೆ ಹೋಗುತ್ತದೆ. ಬೆಂಗಳೂರು ತಪ್ಪಿಹೋಗಬಹುದು!

ಇನ್ನೊಂದು ಲೆಕ್ಕ. ಎಸ್-ಮೀಟರಿನಲ್ಲಿ ಒಂದು ಅಂಕ ಏರಬೇಕಾದರೆ ಶಕ್ತಿ 4 ಪಟ್ಟಾಗಬೇಕು. ಈಗಾಗಲೇ ಸ್ಪಷ್ಟವಾಗಿ ಕೇಳುವ ದನಿಗೆ ಅದರಿಂದ ಸಿಗುವ ಲಾಭ ಕಡಿಮೆ. ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಮನೆ ಪಕ್ಕ ಟವರ್ ನಿಲ್ಲಿಸುವ ತಲೆಬಿಸಿ ಬೇರೆ.

ಹಾಗಾದರೆ ನಮ್ಮ ವ್ಯವಸ್ಥೆಯಲ್ಲಿ ಕೊರತೆ ಎಲ್ಲಿದೆ? ಒಂದು, ಕೇಬಲ್ ಜಾಯಿಂಟುಗಳು. ಮಳೆನೀರು ಒಳಗಿಳಿದರೆ ಎಂಥ ಆಂಟೆನಾ ಇದ್ದರೂ ದಂಡ. ಎರಡು, ಕರೆಂಟಿಲ್ಲದಾಗ ರೇಡಿಯೊ ನಡೆಸಲು 12 ವೋಲ್ಟ್ ಬ್ಯಾಟರಿ. ಮೂರನೆಯದೇ ದೊಡ್ಡದು: ತಿಂಗಳಲ್ಲಿ ಹತ್ತು ದಿನ ನಾನು ಬೆಂಗಳೂರಿನ ಆಫೀಸಿನಲ್ಲಿರ್ತೇನೆ. ಆಗ ಮನೆಯಲ್ಲಿ ಅಪ್ಪಯ್ಯ, ಆಯಿ ಇಬ್ಬರೇ. ರೇಡಿಯೊದಲ್ಲಿ ಬೇರೆಯವರ ಮಾತು ಅವರಿಗೆ ಕೇಳುತ್ತದೆ, ತಿರುಗಿ ಮಾತಾಡುವ ಲೈಸೆನ್ಸ್ ಅವರಿಗಿಲ್ಲ.

ಇದನ್ನು ಲಕ್ಷ ರೂಪಾಯಿಯ ಟವರ್ ಸರಿ ಮಾಡೋದಿಲ್ಲ. ರಿಸ್ಟ್ರಿಕ್ಟೆಡ್ ದರ್ಜೆಯ ಪರೀಕ್ಷೆಗೆ ಮೋರ್ಸ್ ಕೋಡ್ ಬೇಕಿಲ್ಲ. ರೇಡಿಯೊದ ಮೂಲಪಾಠ, ನಿಯಮಗಳು ಗೊತ್ತಿದ್ದರೆ ಸಾಕು. ಪಿಯುಸಿಯಲ್ಲಿ ಫಿಸಿಕ್ಸ್ ಓದಿದ್ದ ಆಯಿಗೆ ಪುಸ್ತಕ ತಂದುಕೊಟ್ಟಿದ್ದೇನೆ. ಜೊತೆಗೆ ಹೊಸ ಕೇಬಲ್, ಒಂದು ಬ್ಯಾಟರಿ. ಟವರಿನ ದುಡ್ಡು ಬ್ಯಾಂಕಿನಲ್ಲೇ ಇದೆ.

ನಿಮ್ಮನೆಯಲ್ಲೂ ಇಂಥ ಆಸೆ ಹುಟ್ಟಿದ್ದರೆ, ಎಷ್ಟು ದೂರ ಮುಟ್ಟುತ್ತದೆ ಅಂತ ಕೇಳೋ ಮೊದಲು ಯಾರಿಗೆ ಮುಟ್ಟಬೇಕು ಅಂತ ಕೇಳಿಕೊಳ್ಳಿ. ಆಯಿ ಸದ್ಯ ಓಮ್ಸ್ ನಿಯಮದಲ್ಲಿದ್ದಾಳೆ. ಮುಂದಿನ ಮಳೆಗಾಲದೊಳಗೆ ಬೆಂಗಳೂರಿನಲ್ಲಿ ಕೂತು ಅವಳ ದನಿ ಕೇಳಬೇಕು ಅನ್ನೋದೇ ನನ್ನ ಲೆಕ್ಕ.