ಎಕ್ಸೆಲ್ ಶೀಟು, ಗೋಕರ್ಣ ಮತ್ತು ನಮ್ಮ ಆಯಿ

ಬ್ಲಾಗಿನ ಕಡೆ ತಲೆ ಹಾಕದೆ ಆರು ತಿಂಗಳ ಮೇಲಾಯ್ತು. ಆಫೀಸಿನ ಕೆಲಸ ಅಂತ ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ನಿಜವಾದ ಕಾರಣ ಒಂದು ಎಕ್ಸೆಲ್ ಶೀಟು. ಅದರಲ್ಲಿ ಮೂವತ್ತು ವಾರ, ವಾರಕ್ಕೆ ಏಳು ದಿನ, ದಿನಕ್ಕೊಂದು ಬಣ್ಣ. ನೀಲಿ ಅಂದರೆ ಈಜು, ಹಸಿರು ಅಂದರೆ ಸೈಕಲ್ಲು, ಕೆಂಪು ಅಂದರೆ ಓಟ. ಬಿಳಿ ಅಂದರೆ ವಿಶ್ರಾಂತಿ. ಬಿಳಿ ಭಾಳ ಕಡಿಮೆ.

ಹೌದು, ನಿಮ್ಮ ಗೆಳೆಯನಿಗೆ ಟ್ರಯಥ್ಲಾನ್ ಹುಚ್ಚು ಹತ್ತಿದೆ :) ಗೋವಾದಲ್ಲಿ 2019ರಲ್ಲಿ ಮೊದಲ ಸಲ ನಡೆದ ಐರನ್‌ಮ್ಯಾನ್ 70.3 ಅನ್ನೋದಕ್ಕೆ ಹೆಸರು ಕೊಟ್ಟಿದ್ದೇನೆ. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜಬೇಕು, ಎದ್ದು ಬಂದು 90 ಕಿಲೋಮೀಟರ್ ಸೈಕಲ್ ತುಳಿಯಬೇಕು, ಇಳಿದ ಕೂಡಲೇ 21.1 ಕಿಲೋಮೀಟರ್ ಓಡಬೇಕು. ಮೂರನ್ನೂ ಮೈಲಿಯಲ್ಲಿ ಕೂಡಿಸಿದರೆ 70.3 ಆಗುತ್ತದೆ, ಹೆಸರಿನ ಗುಟ್ಟು ಅಷ್ಟೇ. ಈಜಿಗೆ 1 ಗಂಟೆ 10 ನಿಮಿಷ ಮೀರಿತೋ, ಸೈಕಲ್ ಮುಟ್ಟುವ ಮೊದಲೇ ಮನೆಗೆ ಕಳಿಸುತ್ತಾರೆ.

ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ವಿವರಿಸಿದಾಗ ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ರೊಕ್ಕಾ ಕೊಟ್ಟು ಓಡೂದೇನಪಾ? ಇಲ್ಲೇ ಬಾ, ಹೊಲದಾಗ ಬೇಕಾದಷ್ಟು ಓಡಸ್ತೇನಿ, ಮ್ಯಾಲ ರೊಟ್ಟೀನೂ ಹಾಕ್ತೇನಿ" ಅಂದ.

ನಮ್ಮೂರು ಗುಡಗೇರಿ. ಕುಂದಗೋಳ ತಾಲೂಕು, ಹುಬ್ಬಳ್ಳಿ-ಹಾವೇರಿ ರೈಲು ದಾರಿಯ ಮೇಲೆ ಒಂದು ಸಣ್ಣ ಸ್ಟೇಷನ್ನು. ಈ ಮೂರು ಆಟಗಳಲ್ಲಿ ನನಗೆ ಊರು ಕಲಿಸಿದ್ದು ಎರಡು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಬೆಳಗಿನ ಪ್ಯಾಸೆಂಜರ್ ಹಿಡಿಯಲು ದಿನಾ ಬಿದ್ದೂ ಎದ್ದೂ ಓಡುತ್ತಿದ್ದೆ, ಅದೇ ನನ್ನ ಓಟದ ಕೋಚಿಂಗ್. ಸೈಕಲ್ಲಂತೂ ಎರೆ ಮಣ್ಣಿನಲ್ಲಿ ಕಲಿತದ್ದು. ಮಳೆಯಾದ ಮೇಲೆ ನಮ್ಮ ಕಡೆಯ ಹೊಲದ ದಾರಿಯಲ್ಲಿ ಹತ್ತು ಮಾರು ಹೋದರೆ ಸಾಕು, ಗಾಲಿ ತಿರುಗುವುದೇ ಇಲ್ಲ, ಸೈಕಲ್ಲೇ ನಮ್ಮ ಹೆಗಲ ಮೇಲೆ ಸವಾರಿ ಮಾಡುತ್ತದೆ. ಆದರೆ ಈಜು? ನಮ್ಮಲ್ಲಿ ನೀರು ಅಂದರೆ ಒಂದೋ ಇಲ್ಲ, ಇಲ್ಲಾ ವಿಪರೀತ. ಶಿಗ್ಗಾಂವಿ ತಾಲೂಕಿನಲ್ಲಿ ಹುಟ್ಟಿ ಕುಂದಗೋಳ, ನವಲಗುಂದ ದಾಟಿ ಮಲಪ್ರಭೆ ಸೇರುವ ಬೆಣ್ಣೆಹಳ್ಳ ಬೇಸಿಗೆಯಲ್ಲಿ ಪಾದ ತೋಯಿಸುವಷ್ಟೂ ಇರುವುದಿಲ್ಲ. ಮೇಲೆ ಎಲ್ಲೋ ಮಳೆಯಾದರೆ ಮಾತ್ರ ಒಂದೇ ರಾತ್ರಿಯಲ್ಲಿ ಹೊಲ ಯಾವುದು, ಹಳ್ಳ ಯಾವುದು ತಿಳಿಯದ ಹಾಗೆ ಹರಿಯುತ್ತದೆ. 2019ರ ಆಗಸ್ಟಿನಲ್ಲಿ ನವಲಗುಂದದ ಕಡೆ ಅದು ಮಾಡಿದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಹಾಗಾಗಿ ನಮ್ಮ ಮನೆಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿರಲಿಲ್ಲ, ನೀರಿನ ಹತ್ತಿರ ಹೋಗಬ್ಯಾಡ ಅಂತ ಕಲಿಸುತ್ತಿದ್ದರು. ನಾನು ಈಜು ಕಲಿತದ್ದು ಇಪ್ಪತ್ತಾರನೇ ವಯಸ್ಸಿಗೆ, ಬೆಂಗಳೂರಿನ ಒಂದು ಕೊಳದಲ್ಲಿ, ಎಂಟು ವರ್ಷದ ಮಕ್ಕಳ ಬ್ಯಾಚಿನಲ್ಲಿ. ಅವರೆಲ್ಲ ನನ್ನನ್ನು "ಅಂಕಲ್, ಕಾಲು ಬಡೀರಿ" ಅಂತ ಹುರಿದುಂಬಿಸುತ್ತಿದ್ದರು.

ಇರಲಿ, ವಿಷಯಕ್ಕೆ ಬರುತ್ತೇನೆ.

ನಮ್ಮ ಆಯಿಗೆ (ಆಯಿ ಅಂದರೆ ಅಜ್ಜಿ) ಎಂಬತ್ತರ ಹತ್ತಿರ ವಯಸ್ಸು. ಸವದತ್ತಿ ಎಲ್ಲಮ್ಮ, ಕೂಡಲಸಂಗಮ, ಶ್ರೀಶೈಲ ಎಲ್ಲ ಆಗಿದೆ. ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಉಳವಿಗೂ ಹೋಗಿ ಬಂದವಳು. ಉಳವಿಯಿಂದ ಕಾಡು ಇಳಿದರೆ ಕಾರವಾರ. ಆದರೆ ಎತ್ತುಗಳು ದಣಿದಿದ್ದವಂತೆ, ಅಲ್ಲಿಂದಲೇ ತಿರುಗಿದರಂತೆ. ಸಮುದ್ರ ಒಂದು ಬಾಕಿ ಉಳಿಯಿತು. ಈ ವರ್ಷ ನಾನು ಬಾಯಿ ತಪ್ಪಿ "ಗೋವಾದಾಗ ಸಮುದ್ರದಾಗ ಈಸತೇನಿ" ಅಂದದ್ದೇ ತಡ, "ನೀ ಈಸೂದಕ್ಕಿಂತ ಮೊದಲ ನನಗ ಅದನ್ನ ತೋರಸು" ಅಂತ ಹಟ ಹಿಡಿದಳು.

ದಸರಾ ಮುಗಿದ ಮೇಲಿನ ವಾರಾಂತ್ಯ ಗೋಕರ್ಣ ಅಂತ ನಿಕ್ಕಿಯಾಯಿತು. ಶೀಟು ತೆರೆದು ನೋಡಿದರೆ ಗೋವಾಕ್ಕೆ ಐದೇ ವಾರ ಬಾಕಿ. ಶನಿವಾರ ನೀಲಿ, 'ಸಮುದ್ರದಲ್ಲಿ ಈಜು, 1.9'. ಭಾನುವಾರ ಹಸಿರು ಮತ್ತು ಕೆಂಪು, ಮೂರೂವರೆ ಗಂಟೆ ಸೈಕಲ್ಲು, ಅದರ ಬೆನ್ನಿಗೇ ಅರ್ಧ ಗಂಟೆ ಓಟ. ನನಗೋ ಸ್ವರ್ಗವೇ ಸಿಕ್ಕ ಹಾಗಾಯಿತು. ಬೆಂಗಳೂರಿನಲ್ಲಿ ಸಮುದ್ರ ಎಲ್ಲಿಂದ ತರೋದು? ಮನೆಯವರಿಗೆ ಪ್ರವಾಸ, ನನಗೆ ಅಭ್ಯಾಸ. ಹೆಂಡತಿ ಮಾತ್ರ ಶೀಟನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, "ನೀವು ಬರೂದು ನಮ್ಮ ಜೋಡಿನೋ, ಇದರ ಜೋಡಿನೋ?" ಅಂದಳು. ನಕ್ಕು ಹಾರಿಸಿದೆ.

ನನಗೆ ಆಗ ಹೊಳೆಯದ ಇನ್ನೊಂದು ಸಂಗತಿ ಇತ್ತು. ಅಪ್ಪನಿಗೂ ಒಂದು ಶೀಟು ಇರುತ್ತದೆ, ಅದು ಎಕ್ಸೆಲ್ಲಿನಲ್ಲಿ ಇರುವುದಿಲ್ಲ. ಅದು ಹಿಂಗಾರಿ ಬಿತ್ತಿಗೆಯ ಹೊತ್ತು. ಎರೆ ಹೊಲದಲ್ಲಿ ಹದ ಇರುವಾಗಲೇ ಕಡಲೆ ಬೀಳಬೇಕು. ಹಿಂಗಾರಿ ಬೆಳೆ ಬದುಕುವುದು ಮಣ್ಣಿನ ಒಳಗೆ ಉಳಿದ ಹಸಿಯ ಮೇಲೆ, ಮೇಲಿನ ಮಣ್ಣು ಆರಿದರೆ ಬೀಜ ಸರಿಯಾಗಿ ಹುಟ್ಟುವುದಿಲ್ಲ. ಆತ ಎರಡು ದಿನ ಬಿತ್ತಿಗೆ ಮುಂದೂಡಿ ನಮ್ಮ ಜೊತೆ ಕಾರು ಹತ್ತಿದ್ದ. ಒಂದು ಮಾತೂ ಹೇಳಲಿಲ್ಲ. ಅವ್ವ ಆಮೇಲೆ ಹೇಳಿದಳು.

ಶುಕ್ರವಾರ ಮಧ್ಯಾಹ್ನ ಊರು ಬಿಟ್ಟೆವು. ಒಂದು ಸಣ್ಣ ಕಾರಿನಲ್ಲಿ ಐದೂವರೆ ಜನ (ಅರ್ಧ ಅಂದರೆ ಎರಡೂವರೆ ವರ್ಷದ ಮಗಳು), ಹಿಂದೆ ನೇತಾಡುವ ಸೈಕಲ್ಲು, ಒಂದು ಬುಟ್ಟಿ ರೊಟ್ಟಿ, ಶೇಂಗಾ ಚಟ್ನಿ. ಕಲಘಟಗಿ ದಾಟಿ ಯಲ್ಲಾಪುರದಲ್ಲಿ ಚಹಾ. ಅರಬೈಲು ಘಟ್ಟದಲ್ಲಿ ಲಾರಿಗಳ ಸಾಲಿನ ಹಿಂದೆ ಇಳಿಯುವಾಗ ಮಗಳು ವಾಂತಿ ಮಾಡಿದಳು. ಅಂಕೋಲಾ ಮುಟ್ಟುವಷ್ಟರಲ್ಲಿ ಕತ್ತಲೆ. ಗೋಕರ್ಣದಲ್ಲಿ ದೇವಸ್ಥಾನದ ಹತ್ತಿರದ ಒಂದು ಲಾಡ್ಜಿನಲ್ಲಿ ಮಲಗುವಾಗ ದೂರದಲ್ಲಿ ಗೋಂ ಅನ್ನುವ ಸದ್ದು. "ಅದು ಏನು, ರೈಲೇನಪಾ?" ಅಂತ ಆಯಿ ಕೇಳಿದಳು. ಸಮುದ್ರ ಅಂದೆ. ಮುಂಜಾನೆ ಏಳಕ್ಕೆ ನಾನೇ ಕರಕೊಂಡು ಹೋಗಿ ತೋರಿಸುತ್ತೇನೆ ಅಂತ ಮಾತೂ ಕೊಟ್ಟೆ.

ಲೆಕ್ಕ ಸರಿಯಾಗೇ ಇತ್ತು. ಆರು ಗಂಟೆ ಹತ್ತು ನಿಮಿಷಕ್ಕೆ ನೀರಿಗಿಳಿದರೆ ಐವತ್ತು ನಿಮಿಷ. ಕೊಳದಲ್ಲಿ ನನ್ನ ಸಮಯ ಅದೇ. ಏಳಕ್ಕೆ ಹೊರಗೆ. ನೀರಿನಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಎಳೆಯುವ ಕಿತ್ತಳೆ ಬಣ್ಣದ ಗಾಳಿಚೀಲ ಒಂದು ಇದೆ. ದಡದವರಿಗೂ ದೋಣಿಯವರಿಗೂ ನಾವು ಕಾಣಲಿ ಅಂತಲೇ ಇರುವುದು. ಅದು ಬ್ಯಾಗಿನ ತಳದಲ್ಲಿತ್ತು, ಮಗಳು ಪಕ್ಕದಲ್ಲೇ ಮಲಗಿದ್ದಳು, ಜಿಪ್ ಎಳೆದರೆ ಏಳುತ್ತಾಳೆ ಅಂತ ಬಿಟ್ಟು ಬಂದೆ. ತಲೆಯ ಮೇಲಿನ ಟೋಪಿ ಬೇರೆ ನೀಲಿ.

ದಡದಲ್ಲಿ ದೋಣಿ ಎಳೆಯುತ್ತಿದ್ದವರನ್ನು ಕೇಳಿದೆ. ಒಬ್ಬರು ನೀರಿನ ಕಡೆ ನೋಡಿ, ದಂಡೆಗುಂಟ ಹೋಗು, ಒಳಕ್ಕೆ ಹೋಗಬೇಡ ಅಂದರು. ತೆರೆ ಒಡೆಯುವ ಜಾಗ ದಾಟಿ, ದಡಕ್ಕೆ ಸಮಾನವಾಗಿ, ದಕ್ಷಿಣದ ತುದಿಯ ರಾಮತೀರ್ಥದ ಗುಡ್ಡಕ್ಕೆ ಬೆನ್ನು ಹಾಕಿ ಹೊರಟೆ. ಮೊದಲ ಹತ್ತು ನಿಮಿಷ ಎದೆ ಡವಡವ. ಕೊಳದ ತಳದಲ್ಲಿ ಇರುವ ಕಪ್ಪು ಗೆರೆ ಇಲ್ಲಿ ಇಲ್ಲ, ಹಿಡಿದು ನಿಲ್ಲಲು ಗೋಡೆ ಇಲ್ಲ, ಕಣ್ಣಿಗೆ ಬರೀ ಮಬ್ಬು ಹಸಿರು. ಆಮೇಲೆ ಉಸಿರು ಲಯಕ್ಕೆ ಬಂತು. ಉಪ್ಪುನೀರು ತಾನೇ ಎತ್ತಿ ಹಿಡಿಯುತ್ತದೆ. ಸುಳ್ಳು ಯಾಕೆ ಹೇಳಲಿ, ಆ ಇಪ್ಪತ್ತು ನಿಮಿಷ ನನ್ನ ಜೀವನದ ಬಲು ಸುಖದ ಹೊತ್ತು. ಆಫೀಸು, ಇಎಂಐ, ಊರು, ಮನೆ ಯಾವುದೂ ನೆನಪಿರಲಿಲ್ಲ. ಅರ್ಧ ದೂರ ಇಪ್ಪತ್ತೆರಡು ನಿಮಿಷದಲ್ಲಿ ಮುಗಿದಾಗ ಎಷ್ಟು ಚುರುಕಾಗಿದ್ದೇನೆ ಅಂತ ಹೆಮ್ಮೆ ಬೇರೆ.

ಚುರುಕಾಗಿದ್ದದ್ದು ನಾನಲ್ಲ, ನೀರು. ತಿರುಗಿದ ಮೇಲೆ ಗೊತ್ತಾಯಿತು. ಎಷ್ಟು ಕೈ ಬೀಸಿದರೂ ದಡದ ಅದೇ ತೆಂಗಿನಮರ ಅಲ್ಲೇ ನಿಂತಿದೆ. ವಾಪಸು ಬರಲು ನಲವತ್ತೊಂದು ನಿಮಿಷ ಹಿಡಿಯಿತು.

ಅತ್ತ ಆಯಿ ಐದಕ್ಕೇ ಎದ್ದು ಕೂತಿದ್ದಳಂತೆ. ಆ ಸದ್ದು ಕೇಳುತ್ತ ಏಳರ ತನಕ ಕಾಯಲು ಆಕೆಯಿಂದ ಆಗಲಿಲ್ಲ. ಆರೂ ಮುಕ್ಕಾಲಿಗೆ ಅಪ್ಪ ಕೈ ಹಿಡಿದು ಕರಕೊಂಡು ಬಂದ. ಉಸುಕಿಗೆ ಕಾಲಿಟ್ಟು, ಎದುರಿಗೆ ಸಮುದ್ರ ನಿಂತಿರುವಾಗ ಆಯಿ ಕೇಳಿದ ಮೊದಲ ಮಾತು, "ಎಲ್ಲದಾನ ಅಂವ?"

ಅಪ್ಪ ಬೆರಳು ಮಾಡಿ ತೋರಿಸಿದ. ಒಂದು ತಲೆ ಕಂಡಿತು. ತೆರೆ ಎದ್ದಿತು, ತಲೆ ಇಲ್ಲ. ಮತ್ತೆ ಕಂಡಿತು. ಮತ್ತೆ ಇಲ್ಲ. ನೀರಿನ ಮೇಲೆ ಗೇಣುದ್ದ ಕಾಣುವ ಮನುಷ್ಯನನ್ನು ಮುಚ್ಚಲು ಒಂದು ಸಣ್ಣ ತೆರೆ ಸಾಕು. ಏಳಾಯಿತು. ಏಳು ಹತ್ತಾಯಿತು. ಕಣ್ಣಿಗೆ ಏನೂ ಕಾಣದಾದಾಗ ಬೆಣ್ಣೆಹಳ್ಳಕ್ಕೇ ಇಳಿಯದ ನಮ್ಮಪ್ಪ ಧೋತರ ಎತ್ತಿ ಕಟ್ಟಿ ಸಮುದ್ರಕ್ಕೆ ಇಳಿದ. ತೆರೆಗಳಿಲ್ಲದೆ ಶಾಂತವಾಗಿ ಕಂಡ ಜಾಗ ಹುಡುಕಿಯೇ ಇಳಿದನಂತೆ.

ಇದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಎರಡೂ ಕಡೆ ತೆರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿದ್ದರೆ, ಸಾಮಾನ್ಯವಾಗಿ ದಡಕ್ಕೆ ಬಂದ ನೀರು ಸಮುದ್ರಕ್ಕೆ ತಿರುಗಿ ಹೋಗುವ ದಾರಿ ಅದೇ. ಒಳಕ್ಕೆ ಸೆಳೆಯುತ್ತದೆ. ಸಿಕ್ಕವರು ಸೆಳವಿನ ಎದುರಿಗೆ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಈಜಿ ಪಾರಾಗಬೇಕು. ಬಯಲುಸೀಮೆಯಿಂದ ಬಂದ ನಮ್ಮಂಥವರು ಸೇಫ್ ಅಂತ ಆರಿಸಿಕೊಳ್ಳುವುದು ಅದೇ ಜಾಗ. ನಾನು ಇದನ್ನೆಲ್ಲ ವಿಡಿಯೋ ನೋಡಿ ಓದಿ ಬಾಯಿಪಾಠ ಮಾಡಿದ್ದೆ. ಮನೆಯವರಿಗೆ ಹೇಳಬೇಕು ಅಂತ ಹೊಳೆದೇ ಇರಲಿಲ್ಲ.

ಎದೆಮಟ್ಟ ನೀರಿನಲ್ಲಿದ್ದಾಗ ದೋಣಿಯವರಿಬ್ಬರು ಓಡಿ ಹೋಗಿ ರಟ್ಟೆ ಹಿಡಿದು ಎಳೆದು ತಂದರು. ನಾನು ಕಾಲೂರಿ ಎದ್ದು ಬಂದಾಗ ಅಪ್ಪ ಉಸುಕಿನ ಮೇಲೆ ಕೂತು ನಡುಗುತ್ತಿದ್ದ. ಅಂಗಿಯ ಕಿಸೆಯಲ್ಲಿದ್ದ ಮೊಬೈಲು ಉಪ್ಪುನೀರು ಕುಡಿದು ಪ್ರಾಣ ಬಿಟ್ಟಿತ್ತು. ಬೈಯುತ್ತಾನೆ ಅಂತ ಕಾದೆ. ನನ್ನ ಮುಖ ನೋಡಿ, "ಮುಗೀತೇನು?" ಅಂದ. ಅಷ್ಟೇ.

ಬೈಗುಳ ಸಿಕ್ಕಿದ್ದು ಲಾಡ್ಜಿನಲ್ಲಿ, ಹೆಂಡತಿಯಿಂದ. ಅದನ್ನು ಇಲ್ಲಿ ಟೈಪ್ ಮಾಡುವುದಿಲ್ಲ :(

ಮಧ್ಯಾಹ್ನ ದೇವರ ದರ್ಶನ, ಸಂಜೆ ಮತ್ತೆ ದಡಕ್ಕೆ. ಮಗಳು ಉಸುಕಿನಲ್ಲಿ ರೊಟ್ಟಿ ಬಡಿದಳು. ಅವ್ವ ಸೀರೆ ಎತ್ತಿ ಹಿಡಿದು ತೆರೆ ಬಂದಾಗಲೆಲ್ಲ ಹುಡುಗಿಯ ಹಾಗೆ ಚೀರಿದಳು. ಆಯಿ ಕಾಲು ಚಾಚಿ ಕೂತು ಪಾದಕ್ಕೆ ನೀರು ಬಡಿಸಿಕೊಂಡಳು. "ಹೆಂಗನಸ್ತು ಆಯಿ?" ಅಂದೆ. "ಮುಂಜಾನೆ ನೋಡಿದ್ನೆಲಪಾ" ಅಂದಳು. ಎಂಬತ್ತು ವರ್ಷ ಬಾಕಿ ಇದ್ದದ್ದು ಮುಗಿದುಹೋಗಿತ್ತು, ಆ ಹೊತ್ತಿನ ಆಕೆಯ ಮುಖವನ್ನು ಯಾರೂ ನೋಡಿರಲಿಲ್ಲ. ನಾನು ನೀರಿನಲ್ಲಿದ್ದೆ, ಅಪ್ಪ ನನ್ನನ್ನು ಹುಡುಕುತ್ತಿದ್ದ.

ಭಾನುವಾರದ ಸೈಕಲ್ಲು ಬಿಡುತ್ತೇನೆ ಅಂದೆ. ಅಪ್ಪನೇ ಒಪ್ಪಲಿಲ್ಲ. "ರೊಕ್ಕಾ ಕಟ್ಟೀದಿ, ಹೋಗಿ ಬಾ" ಅಂದ. ನಸುಕಿನಲ್ಲಿ ಹೊರಟು ಕುಮಟಾ ದಾಟಿ, ಹೊನ್ನಾವರದ ಶರಾವತಿ ಸೇತುವೆ ಮುಟ್ಟಿ, ಹೇಳಿದ ಹೊತ್ತಿಗೇ ಬಂದೆ. ಅರ್ಧ ಗಂಟೆಗೊಮ್ಮೆ ನಿಂತು ಹೆಂಡತಿಗೆ ಮೆಸೇಜು ಹಾಕಿದ್ದರಿಂದ ಸರಾಸರಿ ವೇಗ ಹಾಳಾಯಿತು. ಹಾಳಾಗಲಿ. ಕೆಂಪು ಬಣ್ಣದ ಅರ್ಧ ಗಂಟೆ ಓಡಲಿಲ್ಲ, ಎಲ್ಲರೂ ನಾಷ್ಟಾಕ್ಕೆ ಕಾದು ಕೂತಿದ್ದರು.

ಸೋಮವಾರ ಶೀಟಿನಲ್ಲಿ ಬಿಳಿ. ಒಂದು ದಿನ ರಜೆ ಬೆಳೆಸಿ ಊರಲ್ಲೇ ಉಳಿದೆ. ಹದ ಇನ್ನೂ ಪೂರ್ತಿ ಆರಿರಲಿಲ್ಲ. ಟ್ರ್ಯಾಕ್ಟರಿನ ಕೂರಿಗೆಯ ಹಿಂದೆ ಇಡೀ ದಿನ ನಡೆದೆ. ಗಡಿಯಾರ ಹದಿನಾರು ಕಿಲೋಮೀಟರ್ ತೋರಿಸಿತು.

ಸಂಜೆ ಮನೆಗೆ ಬಂದಾಗ ಕಟ್ಟೆಯ ಮೇಲೆ ಓಣಿಯ ಹೆಂಗಸರು ನೆರೆದಿದ್ದರು, ಆಯಿ ನಡುವೆ ಕೂತಿದ್ದಳು. ನಾನು ಬಚ್ಚಲಲ್ಲಿ ಕಾಲಿನ ಎರೆ ತೊಳೆಯುತ್ತಿದ್ದೆ, ಮಾತು ಕೇಳುತ್ತಿತ್ತು.

"ಹೆಂಗಿತ್ತಬೇ ಸಮುದ್ರ?" ಅಂತ ಯಾರೋ ಕೇಳಿದರು.

"ನಾ ಎಲ್ಲಿ ಸಮುದ್ರ ನೋಡ್ಲಿವಾ, ಅದರಾಗ ಇವನ್ನ ಹುಡುಕೂದ ಆತು" ಅಂದಳು ಆಯಿ. ಸ್ವಲ್ಪ ಹೊತ್ತು ಬಿಟ್ಟು, ದನಿ ಇಳಿಸಿ, "ಆದ್ರ ಒಂದ ಮಾತ ಹೇಳತೇನಿ ನೋಡ, ಅದಕ್ಕ ಆಚೀ ದಂಡೀನ ಇಲ್ಲ."