ಡೈಸ್ ಡೈರಿ, ಭಾಗ 7: ಕೆಸರಲ್ಲಿ ಮೂರೇ ಚೌಕ

ಮ್ಯಾಪ್ ಮೇಲೆ ಕಂದು ಬಣ್ಣದಲ್ಲಿ ಗೀಚಿರೋ ಜಾಗ ಕಂಡ್ರೆ ನಿಮಗೂ ತಲೆಬಿಸಿ ಆಗುತ್ತಾ? "ಅಯ್ಯೋ, ಮತ್ತೆ ಡಿಫಿಕಲ್ಟ್ ಟೆರೇನಾ!" ಅಂತ ಗೊಣಗೋರು ನಮ್ಮ ಗ್ಯಾಂಗಲ್ಲೂ ಇದ್ದಾರೆ. ಇವತ್ತು ನಾನು ಆ ಕೆಸರಿನ ಪರ ವಕೀಲಿ ಮಾಡ್ತೀನಿ. ಪೂರ್ತಿ ಓದಿ ಆಮೇಲೆ ಬೈರಿ 😄

ಹೊಸಬರಿಗೆ ಮೊದಲು ಲೆಕ್ಕ. ನಾವು ಆಡೋದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಎಡಿಷನ್, 2014ರ ರೂಲ್ಸ್. ಮನುಷ್ಯ ಪಾತ್ರ ಒಂದು ಟರ್ನ್‌ನಲ್ಲಿ 30 ಅಡಿ ನಡೀಬಹುದು. ಒಂದು ಚೌಕ 5 ಅಡಿ, ಅಂದ್ರೆ 6 ಚೌಕ. ಕೆಸರು, ಪೊದೆ, ಕಲ್ಲುರಾಶಿ, ಕಡಿದಾದ ಮೆಟ್ಟಿಲು ಬಂದ್ರೆ ಪ್ರತಿ ಅಡಿಗೂ ಇನ್ನೊಂದು ಅಡಿ ಜಾಸ್ತಿ ಖರ್ಚು. ಆರು ಹೋಗಿ ಮೂರಾಗುತ್ತೆ. ಒಂದೇ ಚೌಕದಲ್ಲಿ ಕೆಸರೂ ಪೊದೆಯೂ ಇದ್ರೆ ದಂಡ ಒಂದೇ ಸಲ, ಎರಡಲ್ಲ. ಬಿದ್ದವರು ಏಳೋಕೆ ಅರ್ಧ ಸ್ಪೀಡ್ ಬೇಕು. ಹಾಗಾಗಿ ಕೆಸರಲ್ಲಿ ಬಿದ್ದು ಎದ್ರೆ ಮುಂದೆ ಹೋಗೋಕಾಗೋದು ಒಂದೇ ಚೌಕ! ಕೆಸರುಗದ್ದೆ ಓಟದಲ್ಲಿ ಓಡಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕಾಲು ಇಡೋದು ಸುಲಭ, ಕೀಳೋದೇ ಕಷ್ಟ.

ಈಗ ನಮ್ಮ ಹೋದ ತಿಂಗಳ ಸೆಷನ್‌ಗೆ ಬನ್ನಿ. ಜೌಗು ನೆಲ, ಸುತ್ತ ಜಾಂಬಿಗಳು. ಗೆಳತಿಯೊಬ್ಬಳು ಫಸ್ಟ್ ಇಯರ್‌ನಿಂದ ಆಡ್ತಾ ಬಂದ ರೋಗ್ ಪಾತ್ರ ಸೊನ್ನೆ ಪಾಯಿಂಟ್‌ಗೆ ಇಳಿದು ಬಿದ್ದಿದೆ. ಎರಡು ಡೆತ್ ಸೇವ್ ಫೇಲ್. ಇನ್ನೊಂದು ಫೇಲ್ ಆದ್ರೆ ಕಥೆ ಮುಗೀತು. ನನ್ನದು ಪ್ಯಾಲಡಿನ್. ಲೇ ಆನ್ ಹ್ಯಾಂಡ್ಸ್‌ನಿಂದ ಗುಣ ಮಾಡಬಹುದು, ಆದ್ರೆ ಮುಟ್ಟಬೇಕು, ಅದಕ್ಕೊಂದು ಆಕ್ಷನ್ನೂ ಬೇಕು. ಅವಳ ಪಕ್ಕ ಸೇರೋಕೆ 6 ಚೌಕ, ಎಲ್ಲಾ ಕೆಸರು. ಡ್ಯಾಶ್ ಮಾಡಿದ್ರೆ ತಲುಪ್ತೀನಿ, ಆದ್ರೆ ಆಕ್ಷನ್ ಅಲ್ಲೇ ಖಾಲಿ. ಅಂದ್ರೆ ಹೋಗೋದು ಬರಿಗೈಲಿ.

"ಇಲ್ಲಿಂದಲೇ ಜಾವೆಲಿನ್ ಎಸಿ" ಅಂದ್ರು ಎಲ್ರೂ. ನಾನು ಡ್ಯಾಶ್ ಅಂದೆ.

ಆ ಕಡೆ ಜಾಂಬಿಗೆ ಅವಳ ಪಕ್ಕ ಬರೋಕೆ 3 ಚೌಕ. ಅದರ ಸ್ಪೀಡ್ 20 ಅಡಿ, ಕೆಸರಲ್ಲಿ 2 ಚೌಕ. ಡ್ಯಾಶ್ ಮಾಡಿದ್ರೆ ತಲುಪುತ್ತೆ, ಹೊಡೆಯೋಕಾಗಲ್ಲ. ನನ್ನನ್ನ ತಡೆದ ಕೆಸರೇ ಅದನ್ನೂ ತಡೀತು. ನೆಲಕ್ಕೆ ನಮ್ಮವರು, ಅವರವರು ಅಂತಿಲ್ಲ. ಮುಂದಿನದು ಅವಳ ರೋಲ್. 10 ಅಥವಾ ಮೇಲೆ ಬರಬೇಕು. ಯಾರೂ ಮಾತಾಡ್ಲಿಲ್ಲ. 12 ಬಂತು! ಮುಂದಿನ ಟರ್ನ್‌ನಲ್ಲಿ ಕೈ ಇಟ್ಟೆ, ಎದ್ದಳು.

ಆಟ ಮುಗಿದ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ಬಂದ್ರೂ ಏನೂ ಮಾಡಕ್ಕಾಗಲ್ಲ ಅಂತ ಗೊತ್ತಿದ್ದೂ ಬಂದ್ಯಲ್ಲ."

ಒಣ ನೆಲ ಆಗಿದ್ರೆ ಹೋಗ್ತಿದ್ದೆ, ಮುಟ್ತಿದ್ದೆ, ಮುಗೀತಿತ್ತು. ಆ ಮಾತು ಹುಟ್ತಾನೇ ಇರ್ಲಿಲ್ಲ. ಕೆಸರು ನಮ್ಮ ವೇಗ ಕಿತ್ಕೊಂಡು ಒಂದು ಪ್ರಶ್ನೆ ಕೊಡುತ್ತೆ: ಈ ಟರ್ನ್‌ನಲ್ಲಿ ನಿನಗೆ ಯಾವುದು ಮುಖ್ಯ?

ಡಿಎಂ ಆಗಿರೋರಿಗೆ ಎರಡು ಮಾತು 👇

ಇಡೀ ಮ್ಯಾಪ್‌ಗೆ ಕೆಸರು ಬಳಿಬೇಡಿ. ಎಲ್ಲಾ ಕಡೆ ಕಷ್ಟ ಇದ್ರೆ ಆಟ ನಿಧಾನ ಆಗುತ್ತೆ ಅಷ್ಟೇ. ಗದ್ದೆಗೆ ಬದು ಇರೋ ಹಾಗೆ ಒಂದು ಒಣ ದಾರಿ ಬಿಡಿ. ಕೆಸರಲ್ಲಿ ನೇರ 4 ಚೌಕ ಅಂದ್ರೆ 40 ಅಡಿ ಖರ್ಚು. ಬದುವಿನ ಮೇಲೆ ಸುತ್ತಿ 6 ಚೌಕ ಅಂದ್ರೆ 30 ಅಡಿನೇ. ಆದ್ರೆ ಆ ಬದು ಒಬ್ಬರಷ್ಟೇ ಅಗಲ ಇರಲಿ, ತುದೀಲಿ ಶತ್ರು ಕಾಯ್ತಿರಲಿ. ಆಗ ನೋಡಿ ಮಜಾ!

ಆಟಗಾರರೇ, ನೆಲ ನಿಮ್ಮ ಆಯುಧವೂ ಹೌದು. ಥಂಡರ್‌ವೇವ್ ತಾಗಿದ ಶತ್ರು ಸೇವ್ ತಪ್ಪಿದ್ರೆ 10 ಅಡಿ ಹಿಂದಕ್ಕೆ ಹೋಗ್ತಾನೆ. ಕೆಸರಿಗೆ ದೂಡೋಕೆ ಹೆಚ್ಚಿನ ಖರ್ಚಿಲ್ಲ, ಆದ್ರೆ ಅವನು ವಾಪಸ್ ಬರೋಕೆ ದಂಡ ಕಟ್ಟಲೇಬೇಕು. ಸ್ಪೈಕ್ ಗ್ರೋತ್ ಹಾಕಿದ್ರಂತೂ ಪ್ರತಿ 5 ಅಡಿಗೂ ನಾಲ್ಕು ಮುಖದ ಎರಡು ಡೈಸಿನಷ್ಟು ಏಟು.

ನೀವೇ ಹೇಳಿ, ನನ್ನ ಜಾಗದಲ್ಲಿ ಇದ್ದಿದ್ರೆ ಜಾವೆಲಿನ್ನೋ, ಡ್ಯಾಶೋ? ಕಾಮೆಂಟಲ್ಲಿ ಜಗಳ ಆಡೋಣ. ಭಾಗ 8ರಲ್ಲಿ ಕತ್ತಲೆ ಮತ್ತು ಟಾರ್ಚು 🎲

#ಡೈಸ್‌ಡೈರಿ #ಕನ್ನಡದಲ್ಲಿ_ಡಿಎನ್‌ಡಿ #ಕೆಸರಲ್ಲಿ_ಮೂರೇ_ಚೌಕ